ಬೇರೆ ರಾಜ್ಯದ ಕಮ್ಯುನಿಟಿ ಕಾಲೇಜಿನಿಂದ ಯುಸಿಗೆ ಹೋಗುವವರಿಗೆ

ಟೆಕ್ಸಾಸ್, ವಾಷಿಂಗ್ಟನ್ ಕಡೆಯ ಕಮ್ಯುನಿಟಿ ಕಾಲೇಜಿನಲ್ಲಿ ಎರಡು ವರ್ಷ ಓದಿ, ಆಮೇಲೆ ಯೂನಿವರ್ಸಿಟಿ ಆಫ್ ಕ್ಯಾಲಿಫೋರ್ನಿಯಾಗೆ (ಯುಸಿ) ಬರಬೇಕೆನ್ನುವ ಮಕ್ಕಳಿದ್ದರೆ ದಯವಿಟ್ಟು ಇದನ್ನು ಓದಿ.

ಮೊದಲು, ಪ್ರತಿ ಕೋರ್ಸಿನ ಸಿಲಬಸ್ ತೆಗೆದಿಟ್ಟುಕೊಳ್ಳಿ. ಕಮ್ಯುನಿಟಿ ಕಾಲೇಜಿನ ಯಾವ ಕೋರ್ಸು ಯುಸಿಯ ಯಾವ ಕೋರ್ಸಿಗೆ ಸಮ ಎಂದು ತೋರಿಸುವ ಅಸಿಸ್ಟ್ ವೆಬ್‌ಸೈಟ್ ಕ್ಯಾಲಿಫೋರ್ನಿಯಾದ ಕಾಲೇಜುಗಳಿಗೆ ಮಾತ್ರ. ಹೊರರಾಜ್ಯದಿಂದ ಬರುವ ನಮ್ಮ ಮಕ್ಕಳ ಕೋರ್ಸುಗಳನ್ನು ಯುಸಿಯವರು ಒಂದೊಂದಾಗಿ ತೂಗಿ ನೋಡುತ್ತಾರೆ. ಆಗ ಕೈಯಲ್ಲಿ ಪಠ್ಯದ ವಿವರ ಇರಲೇಬೇಕು. ಕೋರ್ಸಿಗೆ ಕ್ರೆಡಿಟ್ ಸಿಕ್ಕರೂ ಅದು ಮೇಜರ್‌ಗೆ (ಮುಖ್ಯ ವಿಷಯಕ್ಕೆ) ಲೆಕ್ಕಕ್ಕೆ ಬರುತ್ತದೆ ಎಂದೇನಿಲ್ಲ, ಅದನ್ನು ವಿಭಾಗದವರನ್ನೇ ಕೇಳಬೇಕು.

ಜೂನಿಯರ್ ಆಗಿ, ಅಂದರೆ ಮೂರನೇ ವರ್ಷಕ್ಕೆ, ಸೇರಲು 60 ಸೆಮಿಸ್ಟರ್ ಯೂನಿಟ್ (ಕ್ರೆಡಿಟ್) ಬೇಕು, ಕ್ವಾರ್ಟರ್ ಲೆಕ್ಕದಲ್ಲಾದರೆ 90. ಹೊರರಾಜ್ಯದವರಿಗೆ ಕನಿಷ್ಠ ಜಿಪಿಎ (ಗ್ರೇಡುಗಳ ಸರಾಸರಿ) 2.8, ಕ್ಯಾಲಿಫೋರ್ನಿಯಾದವರಿಗೆ 2.4. ಕನಿಷ್ಠ ಇದ್ದರೆ ಸೀಟು ಸಿಗುತ್ತದೆ ಎಂದು ಮಾತ್ರ ನಂಬಿಕೊಂಡು ಕೂರಬೇಡಿ. ಯುಸಿ ಮೊದಲ ಆದ್ಯತೆ ಕೊಡುವುದು ಕ್ಯಾಲಿಫೋರ್ನಿಯಾದ ಕಮ್ಯುನಿಟಿ ಕಾಲೇಜಿನವರಿಗೆ. ಸೀಟು ಖಾತ್ರಿಪಡಿಸುವ ‘ಟ್ಯಾಗ್’ ಎಂಬ ಯೋಜನೆ ಕೂಡ ಅವರಿಗೇ.

ಹಾಗಾಗಿ, ಮನೆಯವರೆಲ್ಲ ಹೇಗೂ ಕ್ಯಾಲಿಫೋರ್ನಿಯಾಗೆ ಬರುವವರಿದ್ದರೆ, ಮಗು ಇಲ್ಲಿನ ಕಮ್ಯುನಿಟಿ ಕಾಲೇಜಿಗೆ ಬದಲಾಯಿಸಿಕೊಳ್ಳುವುದೇ ಒಳ್ಳೆಯದು ಎಂದು ನನ್ನ ಅಭಿಪ್ರಾಯ. ಇಲ್ಲಿ 30 ಸೆಮಿಸ್ಟರ್ ಯೂನಿಟ್ ಮುಗಿಸಿ, ಕೊನೆಯ ಟರ್ಮ್ ಕೂಡ ಇಲ್ಲೇ ಓದಿದರೆ ಆ ಆದ್ಯತೆ ಇವರಿಗೂ ಸಿಗುತ್ತದೆ. ಇನ್ನು ಫೀ ವಿಷಯ: ಬರೀ ಓದಲೆಂದು ಬಂದವರಿಗೆ ರಾಜ್ಯದವರಿಗಿರುವ ಕಡಿಮೆ ಫೀ ಸಿಗದು. ಅದು ಸಿಗಬೇಕಾದರೆ ಒಂದು ವರ್ಷಕ್ಕಿಂತ ಹೆಚ್ಚು ಕಾಲ ಇಲ್ಲಿದ್ದು, ಇಲ್ಲೇ ನೆಲೆಸುವ ಉದ್ದೇಶಕ್ಕೆ ದಾಖಲೆ ತೋರಿಸಬೇಕು. ಬಂದ ತಕ್ಷಣ ಡ್ರೈವಿಂಗ್ ಲೈಸೆನ್ಸ್ ಬದಲಾಯಿಸಿ, ಬಾಡಿಗೆ ಕರಾರು ಜೋಪಾನವಾಗಿಡಿ.