ಎರಡು ಬಣ್ಣದ ಪೆನ್ನು, ಒಂದು ಚೌಕ: ಮಧ್ಯಂತರ ಮೌಲ್ಯ ಪ್ರಮೇಯವನ್ನು ಹೆಚ್ಚಿನ ಆಯಾಮಕ್ಕೆ ಒಯ್ಯುವುದು

ಒಂದು ಆಯಾಮದಲ್ಲಿ ಕೆಲಸ ಸಲೀಸು. ಎಲ್ಲೂ ಕಡಿಯದ ಫಂಕ್ಷನ್ ಒಂದು ತುದಿಯಲ್ಲಿ ಋಣ, ಇನ್ನೊಂದರಲ್ಲಿ ಧನವಾಗಿದ್ದರೆ ನಡುವೆ ಎಲ್ಲೋ ಸೊನ್ನೆ ಮುಟ್ಟಲೇಬೇಕು. ಇದೇ ಮಧ್ಯಂತರ ಮೌಲ್ಯ ಪ್ರಮೇಯ; ಗಣಿತಜ್ಞ ಬೊಲ್ಜಾನೊ ಇದನ್ನು 1817ರಲ್ಲೇ ಸಾಧಿಸಿದ. ಆದರೆ ಉತ್ತರ ಎರಡು ಸಂಖ್ಯೆಗಳ ಜೋಡಿಯಾದಾಗ ‘ನಡುವೆ’ ಅಂದರೆ ಏನು? ನಾನು ಒದ್ದಾಡಿದ್ದು ಇಲ್ಲೇ.

ಈಗ ನಾನು ಮಾಡುವುದು ಹೀಗೆ. ಎಕ್ಸ್, ವೈ ಎರಡೂ −1ರಿಂದ 1ರವರೆಗೆ ಇರುವ ಚೌಕ ಬರೆಯಿರಿ. ಅದರ ಮೇಲೆ ಎಲ್ಲೂ ಕಡಿಯದ ಎರಡು ಫಂಕ್ಷನ್ ಇರಲಿ, ಜೋಡಿಯ ಒಂದೊಂದು ಸಂಖ್ಯೆಗೆ ಒಂದೊಂದು. ಮೊದಲ ಫಂಕ್ಷನ್ ಎಡ ಅಂಚಿನಲ್ಲಿ ಋಣ, ಬಲ ಅಂಚಿನಲ್ಲಿ ಧನವೇ ನೋಡಿ. ಎರಡನೆಯದು ಕೆಳಗಿನ ಅಂಚಿನಲ್ಲಿ ಋಣ, ಮೇಲಿನದರಲ್ಲಿ ಧನವಿರಬೇಕು. ಅಷ್ಟಿದ್ದರೆ ಎರಡೂ ಒಟ್ಟಿಗೆ ಸೊನ್ನೆಯಾಗುವ ಬಿಂದು ಒಳಗಿದ್ದೇ ಇದೆ. ಮೊದಲನೆಯದರ ಸೊನ್ನೆಗಳಿಗೆ ಕೆಂಪು, ಎರಡನೆಯದಕ್ಕೆ ನೀಲಿ ಬಳಿಯಿರಿ. ಕೆಂಪು ಎಡ–ಬಲವನ್ನು ಬೇರ್ಪಡಿಸುತ್ತದೆ, ನೀಲಿ ಮೇಲೆ–ಕೆಳಗನ್ನು. ಎರಡೂ ಸಂಧಿಸದೆ ಇರಲು ಜಾಗವೇ ಇಲ್ಲ, ಅಲ್ವಾ? (ಇದು ಚಿತ್ರ ಮಾತ್ರ, ಸಾಧನೆ ಅಲ್ಲ.) ಪ್ವಾಂಕರೆ 1883ರಲ್ಲಿ ಹೇಳಿದ ಈ ಮಾತು ಬ್ರೌವರನ ಸ್ಥಿರ ಬಿಂದು ಪ್ರಮೇಯಕ್ಕೆ (ಚೌಕವನ್ನು ಅದರೊಳಗೇ ಒಯ್ಯುವ ಕಡಿಯದ ಫಂಕ್ಷನ್ ಒಂದು ಬಿಂದುವನ್ನಾದರೂ ಇದ್ದಲ್ಲೇ ಬಿಡುತ್ತದೆ, ಅದೇ ಸ್ಥಿರ ಬಿಂದು) ಸಮ ಎಂದು 1940ರಲ್ಲಿ ಮಿರಾಂಡಾ ತೋರಿಸಿದ. ಎಷ್ಟೇ ಆಯಾಮವಿರಲಿ, ಎಣಿಸಿ ಮುಗಿಯುವಷ್ಟಿದ್ದರೆ ನಡೆಯುತ್ತದೆ.

ಒಂದು ಉದಾಹರಣೆ: ಎಕ್ಸ್ − 0.5 ಕಾಸ್ ವೈ, ಮತ್ತು ವೈ − 0.5 ಸೈನ್ ಎಕ್ಸ್. ಬಲ ಅಂಚಿನಲ್ಲಿ ಎಕ್ಸ್ 1. ಕಳೆಯುವುದು ಹೆಚ್ಚೆಂದರೆ 0.5, ಹಾಗಾಗಿ ಅಂಚಿನುದ್ದಕ್ಕೂ ಧನ. ಉಳಿದ ಮೂರಕ್ಕೂ ಇದೇ ಲೆಕ್ಕ. ಮುಗೀತು, ಪರಿಹಾರ ಇದೆ.

ನಾನು ಮೊದಮೊದಲು ಸುಮ್ನೆ ನಾಲ್ಕು ಮೂಲೆ ನೋಡಿ ಬಿಡುತ್ತಿದ್ದೆ. ತಪ್ಪು. ಅಂಚಿನ ನಡುವೆ ಚಿಹ್ನೆ ತಿರುಗಿದರೆ ಎಲ್ಲಾ ಕೆಡುತ್ತದೆ.

ಅನಂತ ಆಯಾಮಕ್ಕೆ ಹೋಗುವಾಗ ಜಾಸ್ತಿ ಜಾಗ್ರತೆ ಬೇಕು. ವರ್ಗಗಳ ಮೊತ್ತ ಸೀಮಿತವಾಗಿರುವ, ಕೊನೆಯಿಲ್ಲದ ಸಂಖ್ಯಾ ಸರಣಿಗಳ ಜಾಗ ತೆಗೆದುಕೊಳ್ಳಿ. ಆ ಮೊತ್ತದ ವರ್ಗಮೂಲವೇ ಸರಣಿಯ ಉದ್ದ. ಅದರ ಏಕಮಾನ ಗೋಳದಲ್ಲಿ (ಉದ್ದ 1 ಮೀರದ ಸರಣಿಗಳಲ್ಲಿ) 1943ರಲ್ಲಿ ಕಾಕುತಾನಿ ಕೊಟ್ಟ ನಕಾಶೆ, ಅಂದರೆ ಬಿಂದುವನ್ನು ಬಿಂದುವಿಗೆ ಒಯ್ಯುವ ನಿಯಮ, ನೋಡಿ: ಸರಣಿಯನ್ನು ಒಂದು ಮನೆ ಬಲಕ್ಕೆ ಸರಿಸು, ಖಾಲಿಯಾದ ಮೊದಲ ಮನೆಯಲ್ಲಿ ‘1 ಕಳೆ ಉದ್ದದ ವರ್ಗ’ದ ವರ್ಗಮೂಲ ಇಡು. ಹೊಸ ಸರಣಿಯ ಉದ್ದ ಯಾವಾಗಲೂ 1. ಹಾಗಾದರೆ ಸ್ಥಿರ ಬಿಂದುವಿನ ಉದ್ದವೂ 1, ಮೊದಲ ಮನೆ ಸೊನ್ನೆ. ಅದೇ ಎರಡನೆಯದಕ್ಕೆ ಸರಿದು ಅದೂ ಸೊನ್ನೆ, ಮುಂದಿನದೂ ಸೊನ್ನೆ. ಎಲ್ಲಾ ಸೊನ್ನೆಯಾದ ಸರಣಿಗೆ ಉದ್ದ 1 ಎಲ್ಲಿಂದ ಬರಬೇಕು? ಸ್ಥಿರ ಬಿಂದುವೇ ಇಲ್ಲ. ಬಿಂದುವಿನಿಂದ ಅದರ ನಕಾಶೆ ಕಳೆದು ಆ ವ್ಯತ್ಯಾಸವನ್ನು ಬಾಣವಾಗಿ ಬರೆದರೆ, ಚೌಕದ ಅಂಚಿನ ಚಿಹ್ನೆಗಳ ಹಾಗೆಯೇ ಗಡಿಯಲ್ಲೆಲ್ಲಾ ಬಾಣ ಹೊರಗೇ ನೋಡುತ್ತದೆ, ಒಳಗೆ ಸೊನ್ನೆ ಮಾತ್ರ ಸಿಗದು.

ಹಾಗಾಗಿ ಗಡಿಗಿಂತ ಮೊದಲು ಕಳೆಯುವ ಭಾಗವನ್ನು, ಅಂದರೆ ನಕಾಶೆಯನ್ನು, ನೋಡುತ್ತೇನೆ. ಅದು ಇಡೀ ಗೋಳವನ್ನು ಕಾಂಪ್ಯಾಕ್ಟ್ ಗಣದೊಳಗೆ (ಯಾವ ಅನಂತ ಬಿಂದುಸಾಲಿನಿಂದಲೂ ಗಣದೊಳಗಿನ ಒಂದು ಬಿಂದುವಿಗೆ ಹತ್ತಿರವಾಗುತ್ತ ಹೋಗುವ ಸಾಲನ್ನು ಆರಿಸಬಹುದಾದ ಗಣ) ಕೂರಿಸುತ್ತದೆಯೇ? ಹೌದಾದರೆ ಶಾಡರ್ 1930ರಲ್ಲಿ ಕೊಟ್ಟ ಸ್ಥಿರ ಬಿಂದು ಪ್ರಮೇಯ ಕೈಹಿಡಿಯುತ್ತದೆ. ಆಗಷ್ಟೇ ಗಡಿಯ ಬಾಣಗಳನ್ನು ನಂಬಬಹುದು.