ಎಸೆಯುವ ಮುನ್ನ ಬಗ್ಗಿಸಿ ನೋಡಿ: ಕುದುರೆ ಸಾಮಾನಿನ ರಿಪೇರಿ, ನನ್ನ ಅನುಭವ

ಕುದುರೆ ಸಾಕಿದವರಿಗೆ ಹುಲ್ಲು, ಹುರುಳಿ, ಲಾಳ, ಡಾಕ್ಟರ ಖರ್ಚು ತಪ್ಪಿದ್ದಲ್ಲ. ಕೈಬಿಗಿ ಹಿಡಿಯಲು ಜಾಗ ಇರುವುದು ಸಾಮಾನಿನಲ್ಲಿ ಮಾತ್ರ. ಹಾಗಂತ ಎಲ್ಲದಕ್ಕೂ ತೇಪೆ ಹಾಕುತ್ತ ಹೋದರೆ ಒಂದು ದಿನ ಸವಾರ ನೆಲದ ಮೇಲಿರುತ್ತಾನೆ. ನಾನು ಹಾಕಿಕೊಂಡಿರುವ ಗೆರೆ ಇಷ್ಟೇ: ಸವಾರನ ಭಾರ ಹೊರುವ ಪಟ್ಟಿ, ಕುದುರೆಯನ್ನು ತಡೆದು ಹಿಡಿಯುವ ಪಟ್ಟಿ, ಇವೆರಡರಲ್ಲಿ ಚರ್ಮವೇ ಸತ್ತಿದ್ದರೆ ಪೂರ್ತಿ ಹೊಸದು. ಹೊಲಿಗೆ ಮಾತ್ರ ಸತ್ತಿದ್ದರೆ ಹೊಲಿಗೆ. ಮಿಕ್ಕಿದ್ದಕ್ಕೆಲ್ಲ ತೇಪೆ, ಗುಜರಿ, ಹಳೇ ಬಟ್ಟೆ ಎಲ್ಲ ನಡೆಯುತ್ತದೆ.

ಚರ್ಮ ಬದುಕಿದೆಯೋ ಇಲ್ಲವೋ ತಿಳಿಯಲು ಪಟ್ಟಿಯನ್ನು ಸೋಪು ಹಾಕಿ ಒರೆಸಿ, ಒಣಗಿದ ಮೇಲೆ ನುಣುಪು ಮೈ ಹೊರಗೆ ಬರುವಂತೆ ಬೆರಳಿನ ಸುತ್ತ ಬಗ್ಗಿಸುತ್ತೇನೆ. ತೆಳು ಸುಕ್ಕು ಕಂಡು, ಬಿಟ್ಟಾಗ ಮಾಯವಾದರೆ ಚರ್ಮ ಒಣಗಿದೆ ಅಷ್ಟೇ, ಎಣ್ಣೆ ಕೊಟ್ಟರೆ ಸರಿಹೋಗುತ್ತದೆ. ಗೆರೆ ಬಿರಿದು ಒಳಗಿನ ನಾರು ಕಂಡರೆ ಆ ಪಟ್ಟಿಯ ಕೆಲಸ ಮುಗಿಯಿತು. ಉಜ್ಜಿದಾಗ ಕೈಗೆ ಕೆಂಪು ಪುಡಿ ಹತ್ತಿದರೆ ಒಳಗಿನಿಂದಲೇ ಕೊಳೆತಿದೆ, ಅದಕ್ಕೆ ಯಾವ ಎಣ್ಣೆಯೂ ಮದ್ದಲ್ಲ. ಬಕಲ್ ಮಡಿಕೆಯ ಒಳಗೆ, ಸವಾರ ಪಾದ ಊರುವ ರಿಕಾಪು ಕೂರುವ ಜಾಗದಲ್ಲಿ, ಲಗಾಮು ಕಡಿವಾಣದ ಬಳೆಗೆ ಸುತ್ತುವಲ್ಲಿ, ಈ ಮೂರು ಕಡೆ ಬಗ್ಗಿಸಿ ನೋಡದೆ ಪಟ್ಟಿ ಚೆನ್ನಾಗಿದೆ ಅನ್ನಬಾರದು. ಬೇರೆಲ್ಲ ಕಡೆ ಹೊಳೆಯುವ ಪಟ್ಟಿಯೂ ಅಲ್ಲಿ ಸತ್ತಿರುತ್ತದೆ. ಬೆವರಿನ ಉಪ್ಪು ಕೂತು ಒಣಗುವುದು ಅಲ್ಲೇ.

ಎಣ್ಣೆಯ ವಿಷಯದಲ್ಲಿ ನಮ್ಮಲ್ಲಿ ಅತಿಯೇ ಜಾಸ್ತಿ. ಗಟ್ಟಿಯಾದ ಪಟ್ಟಿಯನ್ನು ಎಣ್ಣೆಯಲ್ಲಿ ನೆನೆಹಾಕಿದರೆ ಚರ್ಮ ಜೋಲುಬಿದ್ದು ಹಿಗ್ಗುತ್ತದೆ, ಹತ್ತಿ ಅಥವಾ ಲಿನನ್ ದಾರದ ಹೊಲಿಗೆ ಬೇಗ ಕೊಳೆಯುತ್ತದೆ. ಕಡಿವಾಣ ಹಿಡಿದಿಡುವ ಒಂದು ಪೂರ್ತಿ ತಲೆಪಟ್ಟಿಗೆ ಒಂದೆರಡು ಚಮಚ ನೀಟ್ಸ್‌ಫುಟ್ ಎಣ್ಣೆ, ಅಂದರೆ ದನದ ಕಾಲಿನಿಂದ ತೆಗೆಯುವ ಎಣ್ಣೆ, ಸಾಕು. ಬಟ್ಟೆಯಲ್ಲಿ ಅದ್ದಿ ಒರಟು ಮೈಗೆ ತೆಳುವಾಗಿ ಸವರಿ, ಒಂದು ದಿನ ಬಿಟ್ಟು ನೋಡಿ, ಬೇಕಿದ್ದರೆ ಮತ್ತೊಂದು ಸುತ್ತು. ತೀರಾ ಒಣಗಿದ್ದಕ್ಕೆ ಹೀಗೆ ಮೂರು ನಾಲ್ಕು ಸುತ್ತು ಹಿಡಿಯುತ್ತದೆ. ಅಗಸೆ ಎಣ್ಣೆ ಒಣಗಿ ಹಲಗೆಯಂತಾಗುತ್ತದೆ, ಬೇಡ. ಬಳಸಿ ಬಿಟ್ಟ ಇಂಜಿನ್ ಆಯಿಲ್ ಹಚ್ಚುವವರಿದ್ದಾರೆ. ಚರ್ಮಕ್ಕೂ ಕೇಡು, ಕುದುರೆಯ ಮೈಗೂ ಕೇಡು.

ಹೊಲಿಗೆಗೆ ಬೇಕಾದ ಸಾಮಾನು ಕಡಿಮೆ: ಮೊಂಡು ತುದಿಯ ಎರಡು ಸೂಜಿ, ತೂತು ಹಾಕಲು ಹಿಡಿಯಿರುವ ಚೂಪು ದಬ್ಬಳ, ಒಂದು ಮಿಲಿಮೀಟರ್ ದಪ್ಪದ ಪಾಲಿಯೆಸ್ಟರ್ ದಾರ, ಜೇನುಮೇಣದ ಒಂದು ಉಂಡೆ, ಪಟ್ಟಿಯನ್ನು ಕಚ್ಚಿ ಹಿಡಿಯಲು ಮೊಣಕಾಲ ನಡುವೆ ಇಟ್ಟುಕೊಳ್ಳುವ ಎರಡು ಹಲಗೆ. ಹಳೆಯ ಹೊಲಿಗೆಯನ್ನು ಬ್ಲೇಡಿನಿಂದ ಒಂದೊಂದಾಗಿ ಕೊಯ್ದು ತೆಗೆದು, ಆದಷ್ಟೂ ಹಳೆಯ ತೂತುಗಳಲ್ಲೇ ಹೊಲಿಯಬೇಕು. ಪಕ್ಕದಲ್ಲಿ ಹೊಸ ತೂತು ಸೇರಿಸಿದರೆ ಪಟ್ಟಿ ಅಂಚೆಚೀಟಿಯ ಹಾಗೆ ಆ ಗೆರೆಯಲ್ಲೇ ಹರಿಯುತ್ತದೆ. ಹೊಸದಾಗಿ ಹಾಕುವಾಗ ತೂತಿನಿಂದ ತೂತಿಗೆ ನಾಲ್ಕು ಮಿಲಿಮೀಟರ್. ದಾರದ ಎರಡು ತುದಿಗೆ ಎರಡು ಸೂಜಿ, ಪ್ರತಿ ತೂತಿನಲ್ಲೂ ಎರಡೂ ಸೂಜಿ ಎದುರುಬದುರು ಹಾಯಬೇಕು. ಮೆಷಿನ್ ಹೊಲಿಗೆಯಲ್ಲಿ ಮೇಲಿನ ದಾರ, ಕೆಳಗಿನ ದಾರ ಒಂದಕ್ಕೊಂದು ಕೊಂಡಿ ಹಾಕಿಕೊಂಡಿರುತ್ತವೆ, ಒಂದು ಕಡೆ ತುಂಡಾದರೆ ಸಾಲೇ ಬಿಚ್ಚಿಕೊಳ್ಳುತ್ತದೆ. ಎರಡು ಸೂಜಿಯ ಹೊಲಿಗೆಯಲ್ಲಿ ಒಂದು ಹೆಣಿಗೆ ತುಂಡಾದರೂ ಇನ್ನೊಂದು ದಾರ ಹಿಡಿದಿರುತ್ತದೆ.

ದಾರ ಎಷ್ಟು ಬೇಕು ಎಂದರೆ ಸಾಮಾನ್ಯವಾಗಿ ಹೊಲಿಗೆಯ ನಾಲ್ಕು ಪಟ್ಟು ಅನ್ನುತ್ತಾರೆ. ತೆಳು ಚರ್ಮಕ್ಕೆ ಅದು ಸರಿ. ಎರಡು ಪದರ ಸೇರಿ ಆರು ಮಿಲಿಮೀಟರ್ ದಪ್ಪ ಇದ್ದರೆ ಪ್ರತಿ ಹೆಣಿಗೆಗೂ ಮೇಲೆ ನಾಲ್ಕು, ಒಳಗೆ ಆರು, ಎರಡು ಸೂಜಿಗೆ ಒಟ್ಟು ಇಪ್ಪತ್ತು ಮಿಲಿಮೀಟರ್, ಅಂದರೆ ಐದು ಪಟ್ಟು. ಅದರ ಮೇಲೆ ಸೂಜಿಗಳಿಗೆ ಎರಡು ಗೇಣು ಬಿಡಬೇಕು. ಕೊನೆಯಲ್ಲಿ ಮೂರು ಹೆಣಿಗೆ ಹಿಂದಕ್ಕೆ ಹೊಲಿದು ದಾರ ಕತ್ತರಿಸಿದರೆ ಗಂಟೇ ಬೇಡ. ಗಂಟು ಕುದುರೆಯ ಮೈಗೆ ಒತ್ತುತ್ತದೆ. ರಸ್ತೆಬದಿಯ ಚಪ್ಪಲಿ ರಿಪೇರಿಯವರಿಗೆ ಕೊಡುವುದಾದರೆ ದಾರ ನೀವೇ ಕೊಡಿ, ಮೊಳೆ ಹಾಗೂ ಸೊಲ್ಯೂಷನ್ ಬೇಡ ಎಂದು ಮೊದಲೇ ಹೇಳಿ. ಅವರ ಕೈ ನಮ್ಮ ಕೈಗಿಂತ ಚೆನ್ನ, ಆದರೆ ಅವರಿಗೆ ಇದು ಚಪ್ಪಲಿಯ ಪಟ್ಟಿಯಂತೆ ಕಾಣುತ್ತದೆ.

ಉಳಿತಾಯ ಅತಿ ಹೆಚ್ಚು ಸಿಕ್ಕುವುದು ರಿಕಾಪಿನ ಪಟ್ಟಿಯಲ್ಲಿ. ಅದು ಸವೆಯುವುದು ಎರಡೇ ಕಡೆ: ರಿಕಾಪು ತೂಗುವ ಮಡಿಕೆ, ಬಕಲ್ ಮುಳ್ಳು ಕೂರುವ ತೂತು. ಒಬ್ಬನೇ ಸವಾರ ಒಂದೇ ಅಳತೆಯಲ್ಲಿ ಹತ್ತಿದರೆ ವರ್ಷಗಟ್ಟಲೆ ಅದೇ ಜಾಗ ಸವೆಯುತ್ತದೆ, ಉಳಿದ ಪಟ್ಟಿ ಹೊಸದರಂತೆ ಇರುತ್ತದೆ. ಅದಕ್ಕೇ ಸವೆತ ಶುರುವಾದಾಗಲೇ, ಬಿರುಕು ಬಿಡುವ ಮೊದಲೇ, ಬಕಲ್ ಬಿಚ್ಚಿ ಆ ತುದಿಯನ್ನು ಮೋಟು ಮಾಡುತ್ತೇನೆ. ಬಕಲ್ ಸುತ್ತಿದ್ದ ಹಳೆಯ ಮಡಿಕೆಯನ್ನು ಪೂರ್ತಿ ಕತ್ತರಿಸಿ ಬಿಸಾಡಿ, ಹೊಸ ತುದಿಯ ಆರು ಸೆಂಟಿಮೀಟರನ್ನು ಒರಟು ಮೈ ಕಡೆಯಿಂದ ಅರ್ಧ ದಪ್ಪಕ್ಕೆ ಹೆರೆಯಬೇಕು. ಮುಳ್ಳಿಗೆ ಉದ್ದುದ್ದ ಸೀಳು ಬೇಕು, ಅದರ ಎರಡೂ ತುದಿಯಲ್ಲಿ ದುಂಡು ತೂತು ಹೊಡೆದು ನಡುವೆ ಕೊಯ್ದರೆ ಮೂಲೆ ಹರಿಯುವುದಿಲ್ಲ. ಮಡಿಸುವ ಜಾಗವನ್ನು ಒದ್ದೆ ಬಟ್ಟೆಯಿಂದ ಒತ್ತಿ, ಮೆತ್ತಗಾದ ಮೇಲೆ ಬಕಲ್ ಸುತ್ತ ಮಡಿಸಿ, ಒಣಗಿದ ನಂತರ ಎರಡು ಸಾಲು, ಸಾಲಿಗೆ ನಾಲ್ಕು ಸೆಂಟಿಮೀಟರ್ ಹೊಲಿಗೆ. ಒಣ ಚರ್ಮವನ್ನೇ ಮಡಿಸಿದರೆ ಆ ಮಡಿಕೆಯಲ್ಲೇ ಬಿರುಕು ಹುಟ್ಟುತ್ತದೆ.

ಹೀಗೆ ಐದು ಸೆಂಟಿಮೀಟರ್ ಗಿಡ್ಡವಾದರೆ, ತೂತುಗಳ ಅಂತರ ಎರಡೂವರೆ ಸೆಂಟಿಮೀಟರ್ ಇರುವ ಪಟ್ಟಿಯಲ್ಲಿ ಸವಾರ ಎರಡು ತೂತು ಆಚೆಗೆ ಹಾಕಿಕೊಳ್ಳುತ್ತಾನೆ. ರಿಕಾಪು ತೂಗುವ ಮಡಿಕೆಯೂ ಐದು ಸೆಂಟಿಮೀಟರ್ ಸರಿದು ಹೊಸ ಚರ್ಮಕ್ಕೆ ಬರುತ್ತದೆ. ಉದ್ದ ಕಾಲಿನವರಿಗೆ ತೂತು ಸಾಲದಿದ್ದರೆ ತುದಿಯಲ್ಲಿ ಹೊಸದು ಹೊಡೆಯಬೇಕು. ಎರಡೂ ಪಟ್ಟಿಯನ್ನು ಒಟ್ಟಿಗೆ, ಒಂದೇ ಅಳತೆಗೆ ಕತ್ತರಿಸುವುದು ಮುಖ್ಯ. ಸವಾರರು ಎಡಗಡೆಯಿಂದ ಹತ್ತುವುದರಿಂದ ಎಡದ ಪಟ್ಟಿ ಹೆಚ್ಚು ಹಿಗ್ಗಿರುತ್ತದೆ, ಹಾಗಾಗಿ ಅಳೆಯುವ ಮುನ್ನ ಎರಡನ್ನೂ ಮೊಳೆಗೆ ತೂಗುಹಾಕಿ ತೂತಿಗೆ ತೂತು ತಾಳೆ ನೋಡುತ್ತೇನೆ. ತಿಂಗಳಿಗೊಮ್ಮೆ ಎಡದ್ದನ್ನು ಬಲಕ್ಕೆ ಬದಲಾಯಿಸಿದರೆ ಈ ತಕರಾರೇ ಇರುವುದಿಲ್ಲ. ಒಂದು ಜೊತೆಗೆ ಎರಡು ಸಲ ಹೀಗೆ ಮಾಡಬಹುದು, ಮೂರನೆಯ ಸಲಕ್ಕೆ ಉದ್ದ ಉಳಿಯುವುದಿಲ್ಲ.

ಹೊಟ್ಟೆಪಟ್ಟಿ ಕಟ್ಟುವ ಜೀನಿನ ಪಟ್ಟಿಗಳಿಗೆ ಈ ಜಾಣತನ ಬೇಡ. ತೂತು ಎಳೆದು ಮೊಟ್ಟೆಯಾಕಾರ ಆಗಿದ್ದರೆ ಪಟ್ಟಿ ಬದಲಿಸಿ. ಇಂಗ್ಲಿಷ್ ಮಾದರಿಯ ಜೀನಿನಲ್ಲಿ ಬದಿಗೆ ಮೂರು ಪಟ್ಟಿ ಇದ್ದರೆ ಸಾಮಾನ್ಯವಾಗಿ ಮುಂದಿನದು ಜೀನಿನೊಳಗಿನ ಒಂದು ನೇಯ್ಗೆಪಟ್ಟಿಗೆ, ಹಿಂದಿನ ಎರಡೂ ಇನ್ನೊಂದು ನೇಯ್ಗೆಪಟ್ಟಿಗೆ ಹೊಲಿದಿರುತ್ತವೆ. ಬಕಲ್ ಹಾಕುವಾಗ ಮುಂದಿನದೂ ಹಿಂದಿನೆರಡರಲ್ಲಿ ಒಂದೂ ಇರಲಿ. ಹಿಂದಿನೆರಡಕ್ಕೇ ಹಾಕಿದರೆ ಒಂದು ನೇಯ್ಗೆ ಹರಿದರೂ ಜೀನು ಕಳಚಿ ಬರುತ್ತದೆ. ಚರ್ಮದ ಪಟ್ಟಿ ಬದಲಿಸುವುದು ಮನೆಯಲ್ಲಿ ಆಗುವ ಕೆಲಸ. ನೇಯ್ಗೆಯೇ ಲಡ್ಡಾಗಿದ್ದರೆ ಜೀನು ಬಿಚ್ಚಬೇಕು, ಅದು ಕಸುಬುದಾರರ ಕೆಲಸ.

ಹಳೆಯ ಜೀನು ಕೊಳ್ಳುವಾಗ ಚರ್ಮಕ್ಕಿಂತ ಮೊದಲು ಒಳಗಿನ ಚೌಕಟ್ಟು, ಅಂದರೆ ಟ್ರೀ, ನೋಡಬೇಕು. ಮುಂಭಾಗವನ್ನು ಹೊಟ್ಟೆಗೆ ಒತ್ತಿ ಹಿಂಭಾಗವನ್ನು ತನ್ನ ಕಡೆಗೆ ಎಳೆದರೆ ಸ್ವಲ್ಪ ಮಣಿದು ಚಿಮ್ಮಿ ವಾಪಸ್ಸಾಗಬೇಕು. ನಡುವೆ ಮಡಿಸಿಕೊಂಡರೆ, ಕರಕರ ಸದ್ದು ಬಂದರೆ, ಅಥವಾ ಮುಂದಿನ ಕಮಾನಿನ ಎರಡು ತೋಳನ್ನು ಒತ್ತಿದಾಗ ಅಲುಗಿದರೆ ಟ್ರೀ ಮುರಿದಿದೆ. ಪುಕ್ಕಟೆ ಕೊಟ್ಟರೂ ಸವಾರಿಗೆ ಬೇಡ, ಬಿಡಿಭಾಗಕ್ಕೆ ಇಟ್ಟುಕೊಳ್ಳಿ. ಕಾನ್ಪುರದಲ್ಲಿ ತಯಾರಾಗುವ ಹೊಸ ಜೀನುಗಳಲ್ಲಿ ಅಗ್ಗದ್ದೂ ಸಿಗುತ್ತದೆ, ಮುರಿದ ಟ್ರೀ ಮೇಲೆ ದುಡ್ಡು ಸುರಿಯುವುದಕ್ಕಿಂತ ಅದೇ ಲೇಸು. ಒಳಮೆತ್ತೆಯ ಉಣ್ಣೆ ಗಂಟುಕಟ್ಟಿದ್ದರೆ ಬಿಡಿಸಿ ಉಣ್ಣೆಯನ್ನೇ ತುಂಬಬೇಕು. ಹತ್ತಿ ಬೆವರಿಗೆ ಹೆಪ್ಪುಗಟ್ಟಿ ಕಲ್ಲಾಗುತ್ತದೆ, ತೆಂಗಿನ ನಾರು ಚುಚ್ಚುತ್ತದೆ. ಜಟಕಾ ಕುದುರೆಗಳ ಬೆನ್ನಿನ ಹುಣ್ಣಿಗೆ ಚಿಂದಿ ತುಂಬಿದ ಗದ್ದಿಗೆಯೂ ಒಂದು ಕಾರಣ.

ಜೀನಿನ ಅಡಿಗೆ ಹಾಸಲು ಕೊಂಡ ಪ್ಯಾಡಿಗಿಂತ ನಮ್ಮ ಕರಿ ಕಂಬಳಿ ಕಡಿಮೆಯಲ್ಲ. ಉಣ್ಣೆ ಬೆವರು ಹೀರುತ್ತದೆ, ಒದ್ದೆಯಾದರೂ ಮೆತ್ತಗೇ ಇರುತ್ತದೆ. ಆದರೆ ಹೊಸ ಕಂಬಳಿಗೆ ನೇಕಾರರು ಹುಣಸೆ ಬೀಜದ ಗಂಜಿ ಹಾಕಿರುತ್ತಾರೆ, ಅದು ಬೆನ್ನು ಉಜ್ಜುತ್ತದೆ. ಮನೆಯಲ್ಲಿ ಹೊದ್ದು ಹಳತಾದದ್ದೇ ಉತ್ತಮ. ಹೊಸದಾದರೆ ತಣ್ಣೀರಿನಲ್ಲಿ ರಾತ್ರಿಯೆಲ್ಲ ನೆನೆಸಿ, ನೀರು ಲೋಳೆಯಿಲ್ಲದೆ ಬರುವವರೆಗೆ ಜಾಲಿಸಬೇಕು. ಬಿಸಿನೀರು ಹಾಕಿದರೆ ಕುಗ್ಗುತ್ತದೆ. ನಾಲ್ಕು ಪದರ ಮಡಿಸಿ, ಮಡಿಕೆಯ ಅಂಚು ಹೆಗಲ ಕಡೆ ಬರುವಂತೆ ಹಾಕಿ, ಜೀನು ಇಟ್ಟ ಮೇಲೆ ಬೆನ್ನೆಲುಬಿನ ಉದ್ದಕ್ಕೂ ಕಮಾನಿನೊಳಕ್ಕೆ ಮೇಲೆತ್ತಿ ಗಾಳಿಯಾಡುವ ಜಾಗ ಬಿಡಬೇಕು. ತೂತು ಬಿದ್ದ ಕಂಬಳಿಗೆ ತೇಪೆ ಹಾಕಿ ಜೀನಿನಡಿ ಬಳಸಬೇಡಿ, ತೇಪೆಯ ಅಂಚು ಒತ್ತಿದ ಕಡೆ ಗಾಯವಾಗುತ್ತದೆ. ಅಂಥದ್ದು ಮಳೆಗಾಲದಲ್ಲಿ ಮೈಮೇಲೆ ಹೊದಿಸಲು ಸರಿ.

ಕುದುರೆಯನ್ನು ಕಟ್ಟಲು ತಲೆಗೆ ತೊಡಿಸುವ ಹೆಡ್‌ಕಾಲರ್‌ಗೆ ಗುಜರಿ ಅಂಗಡಿಯ ಕಾರ್ ಸೀಟ್‌ಬೆಲ್ಟ್ ಪಟ್ಟಿ ಒಳ್ಳೆಯ ಮಾಲು. ಅಪಘಾತದ ಗಾಡಿಯದ್ದು, ಬಿಸಿಲಿಗೆ ಬಣ್ಣ ಹೋದದ್ದು ಬಿಟ್ಟು ಆರಿಸಬೇಕು. ಕತ್ತರಿಸಿದ ತುದಿಯನ್ನು ಕಾಯಿಸಿದ ಚಾಕುವಿನಿಂದ ಕರಗಿಸಿ ಮುಚ್ಚಿ, ಜೋಡಣೆಯಲ್ಲಿ ಚೌಕದೊಳಗೆ ಗುಣಿಸು ಚಿಹ್ನೆಯಂತೆ ಹೊಲಿಯುತ್ತೇನೆ. ಅದರ ಅಂಚು ಹರಿತ, ಮೂಗಿನ ಮೇಲೂ ಕಿವಿಯ ಹಿಂದೂ ಕಂಬಳಿ ತುಂಡಿನ ಅಸ್ತರಿ ಕೊಡಲೇಬೇಕು. ಇನ್ನೊಂದು ತೊಂದರೆ ಎಂದರೆ ಅದು ಹರಿಯುವುದೇ ಇಲ್ಲ. ಕುದುರೆ ಬೆದರಿ ಹಿಂದಕ್ಕೆ ಎಳೆದಾಗ ಹರಿಯದಿದ್ದರೆ ಕುತ್ತಿಗೆಗೆ ಪೆಟ್ಟು. ಅದಕ್ಕೇ ಹಗ್ಗವನ್ನು ಗೂಟದ ಬಳೆಗೆ ನೇರ ಕಟ್ಟದೆ, ಬಳೆಗೆ ಸೆಣಬಿನ ದಾರದ ಒಂದು ಕುಣಿಕೆ ಹಾಕಿ ಅದಕ್ಕೆ ಕಟ್ಟುವುದು. ಎಳೆದಾಗ ಹೋಗುವುದು ಗೋಣಿ ದಾರ ಮಾತ್ರ.

ಕಡಿವಾಣಕ್ಕೆ ವೆಲ್ಡಿಂಗ್ ಬೇಡ. ನಡುವಿನ ಕೀಲು ಸವೆದು ಅಂಚು ಬಂದಿದ್ದರೆ, ಬಳೆ ಹಾಯುವ ತೂತು ಅಗಲವಾಗಿ ತುಟಿ ಚಿವುಟುತ್ತಿದ್ದರೆ, ನಿಕ್ಕಲ್ ಲೇಪ ಎದ್ದಿದ್ದರೆ ಗುಜರಿಗೆ. ಹಿತ್ತಾಳೆ ಬಕಲ್‌ಗಳನ್ನು ಹುಣಸೆಹಣ್ಣಿನಿಂದ ಉಜ್ಜುವುದಾದರೆ ಚರ್ಮದಿಂದ ಬಿಚ್ಚಿ ಉಜ್ಜಿ, ಹುಳಿ ನೀರು ಹೊಲಿಗೆಗೆ ಇಳಿಯಬಾರದು.

ಲಾಳವನ್ನೂ ಒಂದು ಸಲ ಮರುಕೂರಿಸಬಹುದು. ಐದಾರು ವಾರಕ್ಕೆ ಗೊರಸು ಬೆಳೆದು ಲಾಳ ಬಿಚ್ಚಿದಾಗ ಮುಂತುದಿಯಲ್ಲಿ ಅರ್ಧಕ್ಕಿಂತ ಹೆಚ್ಚು ದಪ್ಪ ಉಳಿದಿದ್ದು, ಮೊಳೆಯ ತೂತು ಅಗಲವಾಗದಿದ್ದರೆ ಗೊರಸು ಹೆರೆಸಿ ಅದೇ ಲಾಳ ಹೊಡೆಸುತ್ತೇನೆ. ಮೊಳೆ ಮಾತ್ರ ಪ್ರತಿ ಸಲ ಹೊಸದೇ. ಇದು ಕಬ್ಬಿಣದ ಲಾಳದ ಮಾತು, ರೇಸ್ ಕುದುರೆಯ ಅಲ್ಯೂಮಿನಿಯಂ ಲಾಳ ಬೇಗ ಸವೆದು ಬಾಗುತ್ತದೆ.

ಬೇರೆ ಲಾಯದಿಂದ ಹಳೆಯದು ತರುವಾಗ ಬಕೆಟ್ಟು, ಬಾಯಿಚೀಲ ಎಷ್ಟೇ ಅಗ್ಗವಾದರೂ ತರುವುದಿಲ್ಲ. ಗ್ಲ್ಯಾಂಡರ್ಸ್ ಕಾಯಿಲೆ ನಮ್ಮ ದೇಶದಲ್ಲಿ ಇದೆ, ಹಂಚಿ ತಿನ್ನುವ ಕುಡಿಯುವ ಪಾತ್ರೆಗಳಿಂದ ಹರಡುತ್ತದೆ, ಮನುಷ್ಯರಿಗೂ ಬರುತ್ತದೆ. ಬ್ರಷ್ಷಿನಲ್ಲಿ ಹುಳುಕಡ್ಡಿ ಬರುತ್ತದೆ, ಒಂದು ಪಾಲು ಬ್ಲೀಚಿಗೆ ಹತ್ತು ಪಾಲು ನೀರು ಬೆರೆಸಿ ಕಾಲು ಗಂಟೆ ನೆನೆಸಿ ತೊಳೆದು ಬಿಸಿಲಿಗೆ ಹಾಕಬೇಕು. ಮೇವಿನ ತೊಟ್ಟಿಗೆ ಪ್ಲಾಸ್ಟಿಕ್ ಡ್ರಮ್ಮನ್ನು ಅರ್ಧಕ್ಕೆ ಕೊಯ್ಯುವುದಾದರೆ ತಿನ್ನುವ ವಸ್ತು ತುಂಬಿದ್ದ ಡ್ರಮ್ಮೇ ಆಗಬೇಕು. ಕೊಯ್ದ ಅಂಚಿಗೆ ಹಳೆಯ ನೀರಿನ ಪೈಪನ್ನು ಉದ್ದಕ್ಕೆ ಸೀಳಿ ತೊಡಿಸಬೇಕು.

ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ರಿಪೇರಿಗಿಂತ ಬೂಷ್ಟಿನ ಕಾಟವೇ ದೊಡ್ಡದು. ಪ್ಲಾಸ್ಟಿಕ್ ಚೀಲದಲ್ಲಿ ಸುತ್ತಿಟ್ಟ ಜೀನಿಗೆ ವಾರದಲ್ಲೇ ಬೂಷ್ಟು ಬರುತ್ತದೆ. ಹಳೆಯ ಪಂಚೆಯೋ ಹತ್ತಿ ಸೀರೆಯೋ ಹೊದಿಸಿ, ಗೋಡೆಯಿಂದ ದೂರ, ಗಾಳಿಯಾಡುವಲ್ಲಿ ಇಡಿ. ಕುದುರೆ ನಿಲ್ಲುವ ಕೋಣೆಯಲ್ಲಂತೂ ಬೇಡ, ಗಂಜಲದ ಘಾಟು ಚರ್ಮವನ್ನೂ ದಾರವನ್ನೂ ತಿನ್ನುತ್ತದೆ. ಬೂಷ್ಟು ಬಂದರೆ ಹೊರಗೆ ಒಯ್ದು ಒರೆಸಬೇಕು, ಒಳಗೆ ಒರೆಸಿದರೆ ಬೀಜ ಹಾರಿ ಪಕ್ಕದ ಪಟ್ಟಿಗೆ ಕೂರುತ್ತದೆ. ವಿನಿಗರ್ ಅರ್ಧ, ನೀರು ಅರ್ಧ ಬೆರೆಸಿ ಒರೆಸಿ, ನೆರಳಲ್ಲಿ ಒಣಗಿಸಿ, ಆಮೇಲೆ ತೆಳುವಾಗಿ ಎಣ್ಣೆ. ತಲೆಪಟ್ಟಿಯನ್ನು ಮೊಳೆಗೆ ನೇತುಹಾಕಿದರೆ ಆ ಒಂದು ಮಡಿಕೆಯಲ್ಲೇ ಬಿರಿಯುತ್ತದೆ. ನಾಲ್ಕಿಂಚಿನ ಪಿವಿಸಿ ಪೈಪಿನ ಒಂದು ಗೇಣು ತುಂಡನ್ನು ಗೋಡೆಗೆ ಬಿಗಿದರೆ ದುಂಡಗೆ ಕೂರುತ್ತದೆ.

ಸತ್ತ ಸಾಮಾನನ್ನು ಎಸೆಯುವ ಮುನ್ನ ಬಕಲ್, ಡಿ ಬಳೆ, ಕೊಕ್ಕೆ ಬಿಚ್ಚಿ ಅಳತೆಯ ಪ್ರಕಾರ ಡಬ್ಬಿಗೆ ಹಾಕುತ್ತೇನೆ: ಅರ್ಧ ಇಂಚು, ಮುಕ್ಕಾಲು, ಒಂದು. ಸತ್ತ ರಿಕಾಪಿನ ಪಟ್ಟಿಯಲ್ಲೂ ಸವೆತದ ಜಾಗ ಬಿಟ್ಟು ಎರಡು ಮೊಳದಷ್ಟು ಒಳ್ಳೆಯ ಚರ್ಮ ಸಿಗುತ್ತದೆ, ಅದರಲ್ಲಿ ಹೆಡ್‌ಕಾಲರ್‌ನ ಗಂಟಲಪಟ್ಟಿ, ಬಕೆಟ್ಟಿನ ಹಿಡಿ, ಪಟ್ಟಿಯ ತುದಿ ಸಿಕ್ಕಿಸುವ ಗುಣಿಕೆ ಆಗುತ್ತವೆ. ಬಿರುಕು ಬಿಟ್ಟ ಭಾಗವನ್ನು ಮಾತ್ರ ಅಲ್ಲೇ ತುಂಡು ತುಂಡು ಮಾಡಿ ಕಸಕ್ಕೆ ಹಾಕುತ್ತೇನೆ. ಇಡಿಯಾಗಿ ಬಿಟ್ಟರೆ ಅವಸರದ ಹೊತ್ತಿನಲ್ಲಿ ಕುದುರೆ ನೋಡಿಕೊಳ್ಳುವ ಸಾಯಿಸ ಅದನ್ನೇ ಎತ್ತಿಕೊಂಡು ಕಟ್ಟಿಬಿಡುತ್ತಾನೆ.