ಕ್ವಿಯರ್ ಕಲಾವಿದರ ಜೊತೆ ಕಿರುಪುಸ್ತಕ ತರುವುದು ಹೇಗೆ?

ಕವಿತೆ, ಚಿತ್ರಗಳು ಕೈಯಲ್ಲಿವೆ, ಎಲ್ಲರೂ ಸೇರಿ ಒಂದು ಕಿರುಪುಸ್ತಕ ಮಾಡೋಣ ಎಂದು ಹೊರಟ ಕ್ವಿಯರ್ (ಲಿಂಗತ್ವ, ಲೈಂಗಿಕತೆಯಲ್ಲಿ ಅಲ್ಪಸಂಖ್ಯಾತರಾದ) ಗೆಳೆಯರ ಗುಂಪುಗಳನ್ನು ಮುಂಬಯಿಯಲ್ಲಿ ಹಲವು ಕಂಡಿದ್ದೇನೆ. ಕಾಗದ, ಬಣ್ಣ, ಮುಖಪುಟದ ಬಗ್ಗೆ ತಿಂಗಳುಗಟ್ಟಲೆ ಜಗಳವಾಡುವವರು ಕೊನೆಗೆ ಎಡವುವುದು ಹೆಸರಿನ ವಿಷಯದಲ್ಲಿ. ತಾವು ಕ್ವಿಯರ್ ಎಂದು ಎಲ್ಲರೂ ಮನೆಯಲ್ಲಿ ಹೇಳಿಕೊಂಡಿರುವುದಿಲ್ಲವಲ್ಲ!

ಮೊದಲು ಹಣದ ಲೆಕ್ಕ. 32 ಪುಟ, 100 ಪ್ರತಿ ಸಾಕು. ಕಾಗದಕ್ಕೆ, ಮುದ್ರಕರಿಗೆ ದುಡ್ಡು ತೆಗೆದಿಟ್ಟು ಚಿತ್ರ ಬರೆದವರಿಗೆ ಮಾತ್ರ 'ಪ್ರಚಾರ ಸಿಗುತ್ತದೆ' ಎನ್ನಬೇಡಿ. ಸಂಭಾವನೆ ಚಿಕ್ಕದಾದರೂ ಸರಿ, ಎಲ್ಲರಿಗೂ ಸಮನಾಗಿರಲಿ.

ಎರಡನೆಯದು ಹೆಸರಿನ ಹಾಳೆ. ಇದಕ್ಕೆ ಒಂದು ಸಂಜೆ ಪೂರ್ತಿ ಕೊಡಿ. ಪ್ರತಿಯೊಬ್ಬರಿಂದಲೂ ಬರವಣಿಗೆಯಲ್ಲಿ ತಿಳಿದುಕೊಳ್ಳಬೇಕು: ಕೃತಿಯ ಕೆಳಗೆ ಯಾವ ಹೆಸರು, ಪರಿವಿಡಿಯಲ್ಲಿ ಯಾವುದು, ಕೃತಜ್ಞತೆಯ ಪುಟದಲ್ಲಿ ಬೇಕೇ ಬೇಡವೇ, ಬಿಡುಗಡೆಯ ದಿನ ವೇದಿಕೆಯಿಂದ ಹೇಗೆ ಕರೆಯಬೇಕು. ಟ್ರಾನ್ಸ್ (ಹುಟ್ಟಿದಾಗ ಗುರುತಿಸಿದ ಲಿಂಗ ತಮ್ಮದಲ್ಲ ಎನ್ನುವ) ಲೇಖಕರ ಬ್ಯಾಂಕ್ ಖಾತೆ ಇನ್ನೂ ಹಳೆಯ ಹೆಸರಿನಲ್ಲಿರಬಹುದು. ಅದು ಹಣ ಕಳುಹಿಸುವವರ ಬಳಿಯಷ್ಟೇ ಇರಲಿ, ಪುಟವಿನ್ಯಾಸ ಮಾಡುವವರ ಕಡತಕ್ಕೆ ಹೋಗುವುದು ಬೇಡ. ಮುದ್ರಣಕ್ಕೆ ಹೋಗುವ ಹಿಂದಿನ ದಿನದವರೆಗೂ ಯಾರು ಬೇಕಾದರೂ ಕಾರಣ ಹೇಳದೆ ಹಿಂದೆ ಸರಿಯಬಹುದು ಎಂದು ಅದೇ ಹಾಳೆಯಲ್ಲಿ ಬರೆದಿಡಿ.

ಕಾವ್ಯನಾಮ ಇದ್ದರೆ ಮುಗಿಯಿತು ಎಂದುಕೊಳ್ಳಬೇಡಿ. 'ಕುಂದಾಪುರ ಕಡೆಯವರು, ಘಾಟ್ಕೋಪರ್‌ನಲ್ಲಿ ಬ್ಯಾಂಕ್ ಉದ್ಯೋಗ, ಯಕ್ಷಗಾನದ ಹುಚ್ಚು' ಎಂದು ಪರಿಚಯದಲ್ಲಿ ಹಾಕಿದರೆ ಮುಂಬಯಿಯ ಕನ್ನಡಿಗರಿಗೆ ಹೆಸರೇ ಬೇಡ. ಎರಡು ಫೋನು ಮಾಡಿ ಮನೆಯ ನಂಬರನ್ನೂ ಹೇಳುತ್ತಾರೆ. ಊರು, ಉದ್ಯೋಗ ಎರಡನ್ನೂ ಒಟ್ಟಿಗೆ ಹಾಕಬೇಡಿ.

ಇನ್ನೊಂದು ತೊಡಕು ಭಾಷೆಯದು. 'ನಾನು ಬರೆಯುತ್ತೇನೆ' ಎಂದರೆ ಕನ್ನಡದಲ್ಲಿ ಗಂಡೋ ಹೆಣ್ಣೋ ಗೊತ್ತಾಗುವುದಿಲ್ಲ. ಮರಾಠಿಯಲ್ಲಿ 'ಲಿಹಿತೋ', 'ಲಿಹಿತೇ' ಎಂದು ಕ್ರಿಯಾಪದವೇ ಹೇಳಿಬಿಡುತ್ತದೆ. ಎರಡು ಭಾಷೆಗಳಲ್ಲಿ ತರುವವರು ಮರಾಠಿಗೆ ಅನುವಾದಿಸುವ ಮೊದಲು ಕವಿಯನ್ನೇ ಕೇಳಬೇಕು. ಊಹಿಸುವುದು ಅಧಿಕಪ್ರಸಂಗ. ಕನ್ನಡದ ಪರಿಚಯಗಳಿಗೆ ನನ್ನ ಆಯ್ಕೆ 'ಅವರು'. ಯಾರಾದರೂ 'ಅವಳು' ಎಂದೇ ಬರೆಯಿರಿ ಎಂದರೆ ಹಾಗೆಯೇ ಬರೆಯಿರಿ.

ನನ್ನ ಮೊದಲ ಪುಸ್ತಕದಲ್ಲಿ ಕಾವ್ಯನಾಮಗಳೆಲ್ಲ ಸರಿಯಾಗಿದ್ದವು. 31ನೇ ಪುಟದ ಕೃತಜ್ಞತೆಯಲ್ಲಿ ಮಾತ್ರ ಪ್ರೀತಿಯ ಭರದಲ್ಲಿ ಎಲ್ಲರ ನಿಜ ಹೆಸರು ಬರೆದಿದ್ದೆ. ಕಪ್ಪು ಮಾರ್ಕರ್ ಹಚ್ಚಿದೆವು, ಬೆಳಕಿಗೆ ಹಿಡಿದರೆ ಓದಲು ಬರುತ್ತಿತ್ತು. ಹಾಳೆ ಹರಿದೆವು. ನಡುಮಡಿಕೆಗೆ ಪಿನ್ನು ಹೊಡೆದ ಪುಸ್ತಕವಾದ್ದರಿಂದ ಅದರ ಜೋಡಿಯಾದ ಮೊದಲ ಹಾಳೆಯೂ ಸಡಿಲಗೊಂಡು ಉದುರಿತು. 100 ಪ್ರತಿಗಳೂ ರದ್ದಿಗೆ ಹೋಗುವಂತಿರಲಿಲ್ಲ, ಹೆಸರಿದ್ದವಲ್ಲ! ಕೂತು ಚೂರು ಮಾಡಿದೆವು.

ಕರಡು ತಿದ್ದುವುದು ಎಲ್ಲರಿಗೂ ಗೊತ್ತಿರುವ ಕೆಲಸ. ಲೇಖಕರನ್ನು ಕೇಳದೆ ಪದ ಬದಲಿಸಬೇಡಿ, ಅಷ್ಟೆ.

ಯೂನಿಕೋಡ್‌ನಲ್ಲಿ ಟೈಪ್ ಮಾಡಿ, ಅಕ್ಷರಶೈಲಿಯನ್ನು (ಫಾಂಟ್) ಒಳಗೆ ಸೇರಿಸಿದ ಪಿಡಿಎಫ್ ಅನ್ನೇ ಮುದ್ರಕರಿಗೆ ಕೊಡಿ. ಕನ್ನಡ ಬಾರದ ಅಂಗಡಿಯಲ್ಲಿ ಪಿಡಿಎಫ್ ಬದಲು ಟೈಪ್ ಮಾಡಿದ ಮೂಲ ಕಡತ ಕೊಟ್ಟರೆ ಒತ್ತಕ್ಷರಗಳು ಪಕ್ಕಕ್ಕೆ ಬಂದು ಕೂರುತ್ತವೆ, ಅಲ್ಲಿ ಯಾರಿಗೂ ಅದು ಕಾಣುವುದಿಲ್ಲ. ಒಂದು ಪ್ರತಿ ಮುದ್ರಿಸಿ, ಗಟ್ಟಿಯಾಗಿ ಓದಿ, ಆಮೇಲೆ ಉಳಿದವು. ಪಿಡಿಎಫ್‌ನ ಮಾಹಿತಿ ವಿಭಾಗದಲ್ಲಿ ಕಂಪ್ಯೂಟರ್ ಮಾಲೀಕರ ಹೆಸರು ತಾನಾಗಿ ಸೇರಿರಬಹುದು. ನೋಡಿ, ಇದ್ದರೆ ಅಳಿಸಿ.

ಪುಟಗಳ ಸಂಖ್ಯೆ ನಾಲ್ಕರಿಂದ ಭಾಗವಾಗುವಂತಿರಲಿ. ಒಳಗೆ 80 ಜಿಎಸ್‌ಎಂ (ಚದರ ಮೀಟರಿಗೆ ಇಷ್ಟು ಗ್ರಾಂ ಎಂಬ ಕಾಗದದ ತೂಕ) ಮ್ಯಾಪ್ಲಿಥೋ ಎಂಬ ಹೊಳಪಿಲ್ಲದ ಕಾಗದ, ಮುಖಪುಟಕ್ಕೆ 250 ಜಿಎಸ್‌ಎಂ ಕಾರ್ಡ್. ಹೊಳೆಯುವ ಆರ್ಟ್ ಪೇಪರ್ ಬೇಡವೇ ಬೇಡ. ಪೆನ್ಸಿಲ್ ಚಿತ್ರ ಅದರ ಮೇಲೆ ಮದುವೆಯ ಆಲ್ಬಮ್ಮಿನಂತೆ ಕಾಣುತ್ತದೆ. ಉದ್ದ ತೋಳಿನ ಸ್ಟೇಪ್ಲರ್ ಒಂದನ್ನು ಗುಂಪಿನ ಹಣದಲ್ಲಿ ಕೊಳ್ಳಿ, ಚೆನ್ನಾಗಿರುವುದನ್ನು. ಅಗ್ಗದ್ದು ಎಂಟನೇ ಹಾಳೆಗೆ ಸೊಟ್ಟಗಾಗುತ್ತದೆ.

ಪುಸ್ತಕದ ಗುರುತಿನ ಸಂಖ್ಯೆಯಾದ ಐಎಸ್‌ಬಿಎನ್ ನಮ್ಮ ದೇಶದಲ್ಲಿ ಉಚಿತ. ಅದಕ್ಕೆ ಹಣ ಕೇಳುವ ಮಧ್ಯವರ್ತಿಗಳನ್ನು ದೂರವಿಡಿ.

ಕೊನೆಗೆ ಹಂಚುವುದು. 1990ರಲ್ಲಿ ಇದೇ ನಗರದಲ್ಲಿ ಪತ್ರಕರ್ತ ಅಶೋಕ್ ರಾವ್ ಕವಿ 'ಬಾಂಬೆ ದೋಸ್ತ್' ಎಂಬ ಸಲಿಂಗಿಗಳ ಪತ್ರಿಕೆ ಆರಂಭಿಸಿದಾಗ ಪ್ರತಿಗಳು ಕಂದು ಕಾಗದ ಸುತ್ತಿಕೊಂಡು ಕೈಬದಲಾಗುತ್ತಿದ್ದವು. ಸುಪ್ರೀಂ ಕೋರ್ಟ್ 2018ರ ಸೆಪ್ಟೆಂಬರ್ 6ರಂದು ವಯಸ್ಕರ ಸಮ್ಮತಿಯ ಸಲಿಂಗ ಸಂಬಂಧವನ್ನು, ಅದನ್ನು ಅಪರಾಧವೆನ್ನುತ್ತಿದ್ದ ಭಾರತೀಯ ದಂಡ ಸಂಹಿತೆಯ 377ನೇ ಸೆಕ್ಷನ್‌ನಿಂದ ಹೊರಗಿಟ್ಟಿತು. ಆದರೂ ಮಗನ ಹೆಸರಿಗೆ ಬಂದ ಕೊರಿಯರ್ ಅನ್ನು ತಂದೆಯೇ ಒಡೆಯುವ ಮನೆಗಳು ಡೊಂಬಿವಲಿಯಿಂದ ಕೊಲಾಬಾದವರೆಗೂ ಇವೆ. ಲಕೋಟೆಯ ಮೇಲೆ ಪುಸ್ತಕದ ಹೆಸರು, ಕಾಮನಬಿಲ್ಲಿನ ಸ್ಟಿಕ್ಕರ್ ಯಾವುದೂ ಬೇಡ. ವಿಳಾಸವನ್ನು ಹೆಸರಿನ ಹಾಳೆಯಲ್ಲೇ ಕೇಳಿಕೊಂಡಿರಿ. ಮನೆಗೆ ಬೇಡ ಎಂದವರಿಗೆ ದಾದರ್ ನಿಲ್ದಾಣದ ಸೇತುವೆಯ ಮೇಲೆ, ಸಂಜೆ ಆರರ ನೂಕುನುಗ್ಗಲಿನಲ್ಲಿ, ಕೈಗೇ ಕೊಟ್ಟುಬಿಡಿ.